ಆದರ್ಶ ಗೃಹಿಣಿಯ ಉಪ್ಪಿನ ಡಬ್ಬಿ

ಆ ಶನಿವಾರ ಬೆಳಿಗ್ಗೆ ಗಡಿಯಾರ ರಿಪೇರಿಯ ಮುಳ್ಳಣ್ಣ ಒಂದು ಭೀಷ್ಮ ಪ್ರತಿಜ್ಞೆ ಮಾಡಿದ. ಮಧ್ಯಾಹ್ನದ ಊಟ ಮುಗಿಯುವವರೆಗೆ ತಾನು ಇತ್ತಲ ಕಡ್ಡಿಯನ್ನು ಅತ್ತ ಎತ್ತಿಡುವುದಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಪೇಪರು ಓದುವುದು, ಆಗಾಗ ಒಳಕ್ಕೆ ಮುಖ ತಿರುಗಿಸಿ "ಏನೇ, ಚಹಾ ಆಯ್ತಾ?" ಎಂದು ಕೇಳುವುದು, ಇಷ್ಟೇ ಕೆಲಸ. ಲೋಕದ ಗಂಡಂದಿರು ಸುಮ್ಮನೆ ಮಾಡುತ್ತ ಬಂದದ್ದಕ್ಕೆ ಪ್ರತಿಜ್ಞೆ ಯಾಕೆ ಬೇಕು ಎಂದು ನೀವು ಕೇಳಬಹುದು. ಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮುಳ್ಳಣ್ಣ ಇದನ್ನು ಒಂದು ದಿನವೂ ಮಾಡಿದವನಲ್ಲ.

"ನೀವು ಕೂತ್ಕೋತೀರಾ? ಸುಮ್ನೆ? ಎರಡು ಗಂಟೆ?" ಎಂದು ಹೆಂಡತಿ ಅನುಮಾನದಿಂದ ಕೇಳಿದರು.

"ಕಲ್ಲಿನ ಹಾಗೆ ಕೂತ್ಕೋತೀನಿ. ನೋಡ್ತಿರು."

"ಸೂಪು ಉಕ್ಕಿದ್ರೆ?"

"ಉಕ್ಲಿ. ಒಲೆ ಹೊತ್ತಿ ಉರಿದ್ರೂ ನಾನು ಪೇಪರಿನಿಂದ ತಲೆ ಎತ್ತಲ್ಲ. ಗಂಡಸು ಅಂದ್ಮೇಲೆ ಅಷ್ಟೂ ಸಂಯಮ ಇಲ್ವಾ?"

ಆತನನ್ನು 'ಮಾಡಿದ' ಎಂದೂ ಆಕೆಯನ್ನು 'ಕೇಳಿದರು' ಎಂದೂ ಬರೆದದ್ದು ಕೈತಪ್ಪಿ ಅಲ್ಲ. ಆ ಬೀದಿಯಲ್ಲಿ ಎಲ್ಲರೂ ಹಾಗೇ. ಆಕೆ ಎಲ್ಲರಿಗೂ ಮೇಡಂ. ಹಾಲಿನವನಿಗೆ ಮೇಡಂ, ಅತ್ತೆಗೆ ಮೇಡಂ, ಮುಳ್ಳಣ್ಣನಿಗೂ ಖುಷಿ ಬಂದಾಗ ಮೇಡಂ. ಗಡಿಯಾರದ ಮುಳ್ಳು ಸರಿ ಮಾಡುವವನೆಂದು ಆತ ಮುಳ್ಳಣ್ಣ. ಇದರ ಬಗ್ಗೆ ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ.

ಊರಿನ ಪ್ರಾರ್ಥನಾ ಮಂದಿರದ ಬೆನ್ನಿಗೇ ಹೆಣ್ಣುಮಕ್ಕಳ ಕಾಲೇಜೊಂದಿದೆ. ಅಲ್ಲಿ ಧರ್ಮದ ಜೊತೆಗೆ ಮನೆಗೆಲಸ ಕಲಿಸುತ್ತಾರೆ. ದೇವರು ಗಂಡಿಗೆ ಬೀದಿಯನ್ನೂ ಹೆಣ್ಣಿಗೆ ಮನೆಯನ್ನೂ ಒಪ್ಪಿಸಿದ್ದಾನೆ ಎಂಬುದು ಮೊದಲ ವರ್ಷದ ಮೊದಲ ಪಾಠ. ಮೂರು ವರ್ಷ ಅಡುಗೆ, ಹೊಲಿಗೆ, ಒಪ್ಪ ಓರಣ, ಪತಿಯ ಮನೋಧರ್ಮ ಎಲ್ಲ ಕಲಿತು ಮುಗಿಸಿದವರಿಗೆ 'ಆದರ್ಶ ಗೃಹಿಣಿ' ಎಂಬ ಪದವಿ. ಪದವಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಮೊಳೆಯನ್ನು ಮಾತ್ರ ಗಂಡನೇ ಹೊಡೆಯಬೇಕು, ಅದು ಎರಡನೇ ವರ್ಷದ ಪಾಠ.

ಈ ಕಾಲೇಜಿನ ಕಣ್ಮಣಿಯೇ ನಮ್ಮ ಮೇಡಂ. 'ಪತಿ ಮನೆಗೆ ಬಂದ ಮೊದಲ ಹತ್ತು ನಿಮಿಷ' ಎಂಬ ಅವರ ಉಪನ್ಯಾಸ ಕೇಳಲು ಪಕ್ಕದ ಊರುಗಳಿಂದ ಜನ ಬರುತ್ತಾರೆ. ಆದರೆ ಕಾಲೇಜಿನ ಗಂಟೆ ಬೆಳಿಗ್ಗೆ ಏಳಕ್ಕೇ ಹೊಡೆಯುತ್ತದೆ. ಸಂಜೆ ವಿಶೇಷ ತರಗತಿ, ಭಾನುವಾರ ಬೇರೆ ಊರಲ್ಲಿ ಭಾಷಣ. ಮುಳ್ಳಣ್ಣನ ರಿಪೇರಿ ಮೇಜು ಇರುವುದು ಮನೆಯ ಮುಂಗೋಣೆಯಲ್ಲಿ, ಒಲೆಯಿಂದ ನಾಲ್ಕು ಹೆಜ್ಜೆಗೆ. ಮನೆಯಲ್ಲಿ ಇರುವವರು ಒಲೆ ಹಚ್ಚಬೇಕು ಎಂಬುದು ಯಾವ ಕಾಲೇಜಿಗೂ ಹೋಗದೆ ತಿಳಿಯುವ ಮಾತು. ಹಾಗಾಗಿ ಮದುವೆಯಾದ ಎರಡನೇ ವಾರ ಆತ ಅನ್ನ ಮಾಡಿದ, ಮೂರನೇ ವಾರ ಬಟ್ಟೆ ಒಗೆದ, ಆಮೇಲೆ ವಾರ ಎಣಿಸುವುದನ್ನು ಬಿಟ್ಟ. ಪತಿ ಮನೆಗೆ ಬಂದ ಮೊದಲ ಹತ್ತು ನಿಮಿಷ ಈ ಮನೆಯಲ್ಲಿ ಎಂದೂ ಸಂಭವಿಸಿಲ್ಲ. ಪತಿ ಹೊರಗೆ ಹೋದರೆ ತಾನೆ ಬರುವುದಕ್ಕೆ?

ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ನೀವು ನಗಬೇಡಿ. ಮೇಡಂ ಪಾಠದಲ್ಲಿ ಸುಳ್ಳಿರಲಿಲ್ಲ. ಹಾಲು ತಳ ಹಿಡಿಯದಿರಲು ಏನು ಮಾಡಬೇಕು, ಬಿಳಿ ಅಂಗಿಯ ಶಾಯಿ ಕಲೆ ಹೇಗೆ ತೆಗೆಯಬೇಕು, ಎಲ್ಲವನ್ನೂ ಅವರು ಮನೆಯಲ್ಲೇ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಮುಳ್ಳಣ್ಣ ಬಟಾಣಿ ಸುಲಿಯುತ್ತ ಹೇಳುತ್ತಿದ್ದ, ಆಕೆ ಊಟದ ಮೇಜಿನ ಬಳಿ ಕೂತು ಬರೆಯುತ್ತಿದ್ದರು. ಹೀಗೆ ಹುಟ್ಟಿದ ಪಠ್ಯಪುಸ್ತಕ ಈಗ ನಾಲ್ಕನೇ ಮುದ್ರಣ ಕಂಡಿದೆ.

ಈಗ ಹಳೆಯ ಪ್ರಿನ್ಸಿಪಾಲರು ನಿವೃತ್ತರಾಗುತ್ತಿದ್ದರು. ಆ ಕುರ್ಚಿಗೆ ಮೇಡಂ ಹೆಸರು ಬಂದಿತ್ತು. ಇಪ್ಪತ್ತೆರಡು ವರ್ಷದ ದುಡಿಮೆಗೆ ಅದು ಸಲ್ಲಲೇಬೇಕಾದ ಕುರ್ಚಿ ಎಂದು ಮುಳ್ಳಣ್ಣ ಯಾರ ಎದುರಿಗಾದರೂ ಮೇಜು ಕುಟ್ಟಿ ಹೇಳುತ್ತಿದ್ದ. ಆದರೆ ಪ್ರಿನ್ಸಿಪಾಲ್ ಆಗುವವರು ವಿದ್ಯಾರ್ಥಿನಿಯರಂತೆಯೇ 'ಮನೆ ಪರೀಕ್ಷೆ'ಯಲ್ಲಿ ಪಾಸಾಗಬೇಕು. ಪರೀಕ್ಷಕರು ಮನೆಗೇ ಬರುತ್ತಾರೆ, ಕಣ್ಣೆದುರು ಅಡುಗೆ ಮಾಡಿಸುತ್ತಾರೆ, ಉಂಡು, ಅಂಕ ಹಾಕಿ ಹೋಗುತ್ತಾರೆ. ಫೇಲಾದವರಿಗೆ ಮೂರು ತಿಂಗಳ 'ಗೃಹವಾಸ'. ಅಂದರೆ ಕಾಲೇಜಿಗೆ ಬರದೆ ಸ್ವಂತ ಮನೆಯಲ್ಲೇ ಇದ್ದು, ಸ್ವಂತ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಗಂಟೆ ಅಭ್ಯಾಸ ಮಾಡಬೇಕು.

ಇಲ್ಲಿಯೇ ಮುಳ್ಳಣ್ಣನಿಗೆ ನಡುಕ ಬಂದದ್ದು. ಮೇಡಂ ಫೇಲಾದರೆ ಕುರ್ಚಿ ಹೋಗುತ್ತದೆ, ಅದು ದುಃಖದ ಮಾತು. ಆದರೆ ಮೂರು ತಿಂಗಳು ಮೇಡಂ ತನ್ನ ಅಡುಗೆಮನೆಯಲ್ಲಿ? ತನ್ನ ಬಾಣಲೆ, ತನ್ನ ಚಾಕು, ತಾನು ಹದ ಮಾಡಿಟ್ಟ ಆ ಕಬ್ಬಿಣದ ತವೆ? ಹಿಂದೊಮ್ಮೆ ಆಕೆ ಚಹಾ ಮಾಡಲು ಹೋಗಿ ಪಾತ್ರೆಯ ಹಿಡಿಯನ್ನೇ ಕರಗಿಸಿದ್ದರು. ಆ ಪಾತ್ರೆಯನ್ನು ಆತ ಇನ್ನೂ ಎಸೆದಿರಲಿಲ್ಲ.

ಎಲ್ಲಕ್ಕಿಂತ ಭಯಂಕರವಾದದ್ದು ಒಂಬತ್ತನೇ ನಿಯಮ. ಪರೀಕ್ಷಕರು ಮೂರು ವಸ್ತು ಕೇಳುತ್ತಾರೆ. ಗೃಹಿಣಿ ಯಾರನ್ನೂ ಕೇಳದೆ, ಒಂದೊಂದನ್ನೂ ಅರ್ಧ ನಿಮಿಷದೊಳಗೆ ತಂದಿಡಬೇಕು. ಈ ನಿಯಮ ಬರೆದವರು ಯಾರು? ಮೇಡಂ. 'ತನ್ನ ಅಡುಗೆಮನೆಯ ಡಬ್ಬಿಗಳಿಗೆ ಹೆಸರು ಚೀಟಿ ಅಂಟಿಸುವವಳು ಆ ಮನೆಗೆ ನೆಂಟಳು' ಎಂದು ಅದರ ಕೆಳಗೆ ಷರಾ ಬರೆದವರೂ ಅವರೇ. ಹಾಗಾಗಿ ಚೀಟಿ ಅಂಟಿಸುವ ದಾರಿಯೂ ಮುಚ್ಚಿತ್ತು.

ಮುಳ್ಳಣ್ಣನ ಅಡುಗೆಮನೆಯಲ್ಲಿ ಹಳೆಯ ಗಡಿಯಾರದಂಗಡಿಯಿಂದ ತಂದ ಒಂದು ಮರದ ಬೀರು. ಅದಕ್ಕೆ ಮೇಲಿನಿಂದ ಕೆಳಕ್ಕೆ ಹನ್ನೊಂದು ಖಾನೆ. ಇನ್ನೂರು ಹುಡುಗಿಯರ ಹೆಸರನ್ನು ಹಾಜರಿ ಪುಸ್ತಕವಿಲ್ಲದೆ ಕೂಗುವ ಮೇಡಂಗೆ ಈ ಹನ್ನೊಂದು ಖಾನೆ ಮಾತ್ರ ಎರಡು ದಿನ ಉರು ಹೊಡೆದರೂ ತಲೆಯಲ್ಲಿ ನಿಲ್ಲಲಿಲ್ಲ.

"ಕರಿಮೆಣಸು?" ಎಂದು ಮುಳ್ಳಣ್ಣ ಕೇಳಿದ.

"ಆರು."

"ಆರರಲ್ಲಿ ದೀಪದ ಬತ್ತಿ ಇದೆ. ಮೆಣಸು ನಾಲ್ಕು."

"ಒಂದು ಕಡೆ ಇಡಬಾರ್ದಾ ರೀ ಎಲ್ಲಾನೂ?"

"ಎಲ್ಲಾನೂ ಒಂದು ಕಡೆ ಇಟ್ರೆ ಅದಕ್ಕೆ ಗೋಣಿಚೀಲ ಅಂತಾರೆ, ಮೇಡಂ."

ಕೊನೆಗೆ ಮುಳ್ಳಣ್ಣನ ಕಸುಬೇ ಕೈ ಹಿಡಿಯಿತು. ಆತನ ಕುರ್ಚಿಯ ಮೇಲ್ಗಡೆ ಒಂದು ಹಳೆಯ ಗೋಡೆ ಗಡಿಯಾರ. ಅದರ ಸುತ್ತಿಗೆಗೆ ಒಂದು ಸಣ್ಣ ದಾರ ಕಟ್ಟಿ, ಇನ್ನೊಂದು ತುದಿಯನ್ನು ಪೇಪರಿನ ಹಿಂದೆ ಕೈಗೆ ಸುತ್ತಿಕೊಂಡ. ಒಂದು ಸಲ ಎಳೆದರೆ ಒಂದು ಢಣ್. ನಾಲ್ಕು ಢಣ್ ಎಂದರೆ ನಾಲ್ಕನೇ ಖಾನೆ. ಉಳಿದ ಹದಿನೇಳು ಗಡಿಯಾರಗಳು ನಡುವೆ ಬಾಯಿ ಹಾಕದಂತೆ ಒಂದೊಂದನ್ನೂ ನಿಲ್ಲಿಸಿದ. ತರಕಾರಿ ಹೆಚ್ಚಿ, ಸೂಪನ್ನು ಮುಕ್ಕಾಲು ಬೇಯಿಸಿ, ಅಡುಗೆಯ ಏಪ್ರನ್ನನ್ನು ಮೇಡಂ ಸೊಂಟಕ್ಕೆ ಕಟ್ಟಿದ. ಆಕೆಗೆ ಅದರ ಗಂಟು ಹಾಕಲೂ ಬರುತ್ತಿರಲಿಲ್ಲ. ಆಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

ಹನ್ನೊಂದೂವರೆಗೆ ಇಬ್ಬರು ಬಂದರು. ಒಬ್ಬರು ಆಡಳಿತ ಮಂಡಳಿಯ ಅಧ್ಯಕ್ಷರು. ಎಂಬತ್ತರ ಹತ್ತಿರದ ಹಿರಿಯರು, ಕಾಲೇಜು ಸ್ಥಾಪಿಸಿದ ದೊಡ್ಡಮ್ಮನ ಪತಿ. ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಮಾತೇ ಕಾಲೇಜಿನಲ್ಲಿ ಕೊನೆಯ ಮಾತು. ಇನ್ನೊಬ್ಬರು ಕಾರ್ಯದರ್ಶಿ. ಹುಡುಗಿಯರು ಅವರಿಗಿಟ್ಟ ಹೆಸರು ಅರ್ಧ ಮಾರ್ಕಿನಮ್ಮ. ಅವರು ಜನ್ಮದಲ್ಲಿ ಯಾರಿಗೂ ಪೂರ್ತಿ ಅಂಕ ಕೊಟ್ಟವರಲ್ಲ, ಪೂರ್ತಿ ಕಳೆದವರೂ ಅಲ್ಲ. ಅರ್ಧರ್ಧವೇ ಕಳೆದು ಕಳೆದು ಮನುಷ್ಯರನ್ನು ಮುಗಿಸುತ್ತಿದ್ದರು.

ಒಳಗೆ ಕಾಲಿಟ್ಟ ಅರ್ಧ ಮಾರ್ಕಿನಮ್ಮ ಸುತ್ತ ನೋಡಿದರು. "ಇದೇನಿದು, ಇಷ್ಟೊಂದು ಗಡಿಯಾರ, ಎಲ್ಲಾ ನಿಂತೇ ಹೋಗಿದೆ? ಹೊತ್ತಿನ ಅರಿವಿಲ್ಲದ ಮನೆ." ಪೆನ್ನಿನ ಮುಚ್ಚಳ ತೆಗೆದು ಅರ್ಧ ಅಂಕ ಕಳೆದೇಬಿಟ್ಟರು.

ಮೇಡಂ ಗಾಬರಿಯಾದರು. ಆದರೂ ಉಪನ್ಯಾಸದ ಮಧುರ ಧ್ವನಿಯಲ್ಲಿ, "ಏನೂಂದ್ರೆ, ಗಡಿಯಾರ ಎಲ್ಲಾ ಸ್ವಲ್ಪ ನಡೆಸ್ತೀರಾ?" ಎಂದರು.

ಮುಳ್ಳಣ್ಣ ಕಣ್ಣಲ್ಲೇ ಬೇಡ ಎಂದ. ಮೇಡಂ ಕಣ್ಣಲ್ಲೇ ನಡೆಸಿ ಎಂದರು. ಈ ಮನೆಯಲ್ಲಿ ಕಣ್ಣಿನ ವಾದ ಯಾವತ್ತೂ ಒಂದೇ ಕಡೆ ತೀರ್ಮಾನವಾಗುತ್ತದೆ. ಮುಳ್ಳಣ್ಣ ಎದ್ದು ಹದಿನೇಳಕ್ಕೂ ಜೀವ ಕೊಟ್ಟ. ಹೇಗೋ ನಡೆಸಿ ಬಿಡಬಹುದಿತ್ತು, ಆದರೆ ಕಸುಬಿನ ಗರ್ವ ಕೇಳಬೇಕಲ್ಲ. ಕೈಗಡಿಯಾರ ನೋಡಿ ಒಂದೊಂದರ ಮುಳ್ಳನ್ನೂ ಸರಿಯಾದ ವೇಳೆಗೆ ತಿರುಗಿಸಿಟ್ಟ.

ಮೇಡಂ ಸೂಪು ತಿರುವುತ್ತ ನಿಂತರು. ಪ್ರಿನ್ಸಿಪಾಲರಾದರೆ ಏನೇನು ಮಾಡುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಆಕೆ ಚೆನ್ನಾಗಿ ಉತ್ತರಿಸಿದರು. ಮಾತು ಅವರ ಕ್ಷೇತ್ರ. ಮುಳ್ಳಣ್ಣ ಪೇಪರಿನ ಹಿಂದೆ ಹೆಮ್ಮೆಯಿಂದ ಉಬ್ಬಿಹೋದ. "ಏನೇ, ಚಹಾ ಆಯ್ತಾ?" ಎಂದು ನಡುವೆ ಒಮ್ಮೆ ಕೇಳಿಯೂ ಬಿಟ್ಟ. ಕೇಳಿದ್ದೇ ತಾನೇ ಏಳಹೋಗಿ ಮತ್ತೆ ಕೂತ, ಅಭ್ಯಾಸವಿಲ್ಲ ನೋಡಿ.

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಅರ್ಧ ಮಾರ್ಕಿನಮ್ಮ ಹಾಳೆ ತಿರುಗಿಸಿದರು. "ಒಂಬತ್ತನೇ ನಿಯಮ. ಕರಿಮೆಣಸು ತನ್ನಿ."

ಢಣ್, ಢಣ್, ಢಣ್, ಢಣ್.

ಮೇಡಂ ಬೀರುವಿನತ್ತ ನಡೆದು ನಾಲ್ಕನೇ ಖಾನೆ ಎಳೆದು ಮೆಣಸಿನ ಶೀಸೆ ತಂದು ಮೇಜಿನ ಮೇಲಿಟ್ಟರು.

"ಸೂಜಿ, ದಾರ."

ಏಳು ಢಣ್. ಸೂಜಿ ಬಂತು, ದಾರ ಬಂತು. ಅರ್ಧ ಮಾರ್ಕಿನಮ್ಮನ ಪೆನ್ನಿಗೆ ಕೆಲಸವಿರಲಿಲ್ಲ.

"ಈ ಗಡಿಯಾರ ಯಾಕೋ ಬೇಕಾದಾಗ ಹೊಡೀತದಲ್ಲ?" ಎಂದರು ಅಧ್ಯಕ್ಷರು.

"ರಿಪೇರಿಗೆ ಬಂದದ್ದು ಸರ್. ತಲೆ ಸರಿ ಇಲ್ಲ ಅದಕ್ಕೆ," ಎಂದ ಮುಳ್ಳಣ್ಣ ಪೇಪರಿನಿಂದ ತಲೆ ಎತ್ತದೆ.

"ಕೊನೇದು," ಎಂದರು ಅರ್ಧ ಮಾರ್ಕಿನಮ್ಮ. "ಇದು ಸುಲಭ. ಉಪ್ಪು."

ಮುಳ್ಳಣ್ಣ ಎಳೆಯಹೊರಟ ದಾರವನ್ನು ಸಡಿಲ ಬಿಟ್ಟ. ಉಪ್ಪು ಯಾವ ಖಾನೆಯಲ್ಲೂ ಇರಲಿಲ್ಲ. ಖಾನೆಯಲ್ಲಿಟ್ಟರೆ ಉಪ್ಪು ತೇವ ಹಿಡಿಯುತ್ತದೆಂದು ಆತ ಅದನ್ನು ಒಂದು ಹಾಳಾದ ಟೈಂಪೀಸಿನ ಒಡಲು ಖಾಲಿ ಮಾಡಿ ಅದರೊಳಗೆ ತುಂಬಿ, ಒಲೆಯ ಪಕ್ಕದ ಕಿಟಕಿಯಲ್ಲಿ ಇಟ್ಟಿದ್ದ. ಹಿಂಬದಿಗೆ ಗಟ್ಟಿ ಬಾಗಿಲು, ಗಾಳಿಯಾಡುವುದಿಲ್ಲ. ಮುಂದುಗಡೆ ಮುಳ್ಳುಗಳು ಹಾಗೇ ಇದ್ದವು. ದಿನಕ್ಕೆ ಹತ್ತು ಸಲ ಕೈ ತಾನಾಗಿ ಹೋಗುವ ಜಾಗ, ಅದಕ್ಕೆ ನಂಬರು ಕೊಡಬೇಕು ಎಂದು ಆತನಿಗೆ ಹೊಳೆದಿರಲೇ ಇಲ್ಲ. ಅಭ್ಯಾಸವಾದದ್ದನ್ನು ಯಾರು ಹೇಳಿಕೊಡುತ್ತಾರೆ?

ಮೇಡಂ ಬೀರುವಿನ ಮುಂದೆ ಕಿವಿ ನಿಮಿರಿಸಿ ನಿಂತರು. ಮುಳ್ಳಣ್ಣ ದಾರ ಹಿಡಿದು ಕೂತ. ಎಷ್ಟು ಸಲ ಎಳೆಯುವುದು? ಹತ್ತು ಸೆಕೆಂಡು ಹೋಯಿತು.

ಆಗ ಹನ್ನೆರಡು ಗಂಟೆಯಾಯಿತು.

ಹದಿನೇಳು ಗಡಿಯಾರಗಳೂ ಒಟ್ಟಿಗೆ ಬಾಯಿ ಬಿಟ್ಟವು. ಕೆಲವು ಢಣ್ ಎಂದವು, ಕೆಲವು ಟಿಣ್ ಎಂದವು, ಕಾಗೆಯಂತೆ ಕೂಗುವ ಒಂದು ಕೋಗಿಲೆ ಗಡಿಯಾರವೂ ಇತ್ತು. ನಿಜವಾಗಿ ಕೆಟ್ಟಿದ್ದ ಮೂರು ಗಡಿಯಾರಗಳು ತಮಗೆ ತೋಚಿದಷ್ಟು ಹೊಡೆದು ನಿಂತವು. ಮೇಡಂ ಕರ್ತವ್ಯನಿಷ್ಠರು, ಎಣಿಸತೊಡಗಿದರು. ಮೂರು ಎಂದು ಮೂರನೇ ಖಾನೆ ಎಳೆದರು, ಅಲ್ಲಿ ಒಣದ್ರಾಕ್ಷಿ. ಐದು, ಅಲ್ಲಿ ಬೆಂಕಿಪೊಟ್ಟಣ. ಒಂಬತ್ತು ಎಂದು ಜೋರಾಗಿ ಎಳೆದ ರಭಸಕ್ಕೆ ಖಾನೆಯೇ ಕಿತ್ತು ಕೈಗೆ ಬಂತು, ಒಳಗಿನ ಒಣಬಟಾಣಿ ನೆಲದ ತುಂಬ ಉರುಳಿತು. ಅರ್ಧ ಮಾರ್ಕಿನಮ್ಮ ಕಾಲೆರಡನ್ನೂ ಕುರ್ಚಿಯ ಮೇಲೆ ಎತ್ತಿಕೊಂಡರು. ಹನ್ನೆರಡನೇ ಖಾನೆ ಎಲ್ಲಿ ಎಂದು ಮೇಡಂ ಬಗ್ಗಿ ಬೀರುವಿನ ಅಡಿಯಲ್ಲಿ ಹುಡುಕುತ್ತಿದ್ದರು.

ಇಷ್ಟಾದರೂ ಮುಳ್ಳಣ್ಣ ಕದಲಲಿಲ್ಲ. ಪ್ರತಿಜ್ಞೆ ಎಂದರೆ ಪ್ರತಿಜ್ಞೆ. ಆದರೆ ಒಲೆಯ ಕಡೆಯಿಂದ ಒಂದು ಸಣ್ಣ ವಾಸನೆ ಬಂತು. ಸೂಪು ತಳ ಹಿಡಿಯಲು ಶುರುವಾಗುವ ವಾಸನೆ.

ಆಮೇಲೆ ಏನಾಯಿತೋ ಆತನಿಗೇ ಗೊತ್ತಿಲ್ಲ. ಪೇಪರು ಒಂದು ಕಡೆ, ದಾರ ಒಂದು ಕಡೆ. ಬಟಾಣಿಯ ಮೇಲೆ ಜಾರದೆ ನಾಲ್ಕೇ ಹೆಜ್ಜೆಯಲ್ಲಿ ಒಲೆ ಮುಟ್ಟಿದ. ಎಡಗೈ ಉರಿ ತಗ್ಗಿಸಿತು, ಬಲಗೈ ಸೌಟು ಹಿಡಿಯಿತು. ಎಡಗೈ ಮತ್ತೆ, ಕಣ್ಣು ಪಾತ್ರೆಯ ಮೇಲಿರುವಾಗಲೇ, ಕಿಟಕಿಯ ಟೈಂಪೀಸಿನ ಬಾಗಿಲು ತೆರೆದು ಎರಡು ಚಿಟಿಕೆ ಉಪ್ಪು ತಂದು ಉದುರಿಸಿತು. ಅಂಗೈಗೆ ಒಂದು ತೊಟ್ಟು ಹಾಕಿ ನೆಕ್ಕಿ ನೋಡಿದ. ಹೆಗಲ ಮೇಲಿನ ಬಟ್ಟೆಗೆ ಕೈ ಒರೆಸಲು ಹೋದಾಗ ಹೆಗಲ ಮೇಲೆ ಬಟ್ಟೆಯಿರಲಿಲ್ಲ. ಆಗ ಎಚ್ಚರವಾಯಿತು. ತಿರುಗಿ ನೋಡಿದ. ಮೂವರೂ ಆತನನ್ನೇ ನೋಡುತ್ತಿದ್ದರು. ಗಡಿಯಾರಗಳು ಕೂಡ ಅದೇ ಹೊತ್ತಿಗೆ ಸುಮ್ಮನಾಗಿದ್ದವು.

"ಅದು, ಅದು ಹೀಗೇ," ಎಂದ ಮುಳ್ಳಣ್ಣ. "ಗಂಡಸರೂ ಒಮ್ಮೊಮ್ಮೆ…"

"ಸಾಕು ಬಿಡಿ ರೀ," ಎಂದರು ಮೇಡಂ. ನೆಲದಿಂದ ಎದ್ದು, ಏಪ್ರನ್ ಬಿಚ್ಚಲು ಹೋದರು, ಗಂಟು ಬಿಚ್ಚಲೂ ಬರಲಿಲ್ಲ. ಹಾಗೇ ನಿಂತರು. "ಸರ್, ಈ ಮನೇಲಿ ಉಪ್ಪೆಲ್ಲಿದೆ ಅಂತ ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಗೊತ್ತಿಲ್ಲ. ಅಡುಗೆ ಇವರದ್ದು, ಪುಸ್ತಕದಲ್ಲಿರೋದೂ ಇವರದ್ದೇ. ಹೋದ ವರ್ಷ ಒಂದು ಹುಡುಗಿ, ಅರ್ಧ ನಿಮಿಷದಲ್ಲಿ ಮೆಣಸು ಸಿಗಲಿಲ್ಲ ಅಂತ ಅವಳನ್ನ ನಾನೇ ಫೇಲ್ ಮಾಡಿದೆ. ಅವಳು ಅಳ್ತಾ ನಿಂತಿದ್ಲು. ನಾನು ಶಿಸ್ತು ಮುಖ್ಯ ಅಂದೆ."

ಅಷ್ಟು ಹೊತ್ತು ಮುಳ್ಳಣ್ಣ ತನ್ನ ತವೆ, ತನ್ನ ಬಾಣಲೆ ಎಂದು ಹೆದರುತ್ತಿದ್ದ. ಈಗ ಮೂರು ತಿಂಗಳಲ್ಲ, ಮೂರು ವರ್ಷ ಬೇಕಾದರೂ ಆಕೆ ಅಡುಗೆಮನೆಯಲ್ಲಿರಲಿ, ಎಲ್ಲ ಪಾತ್ರೆಯ ಹಿಡಿಗಳೂ ಕರಗಲಿ, ಈ ಮುಖ ಮಾತ್ರ ಹೀಗಿರಬಾರದು ಅನಿಸಿತು.

"ತಪ್ಪು ನನ್ನದು ಸರ್," ಎಂದ. "ಉಪ್ಪಿನ ಜಾಗ ನಾನು ಹೇಳಿಕೊಡಲಿಲ್ಲ."

ಅರ್ಧ ಮಾರ್ಕಿನಮ್ಮ ಕುರ್ಚಿಯ ಮೇಲೆ ಕಾಲಿಟ್ಟುಕೊಂಡೇ ಪೆನ್ನು ಎತ್ತಿದರು. "ನಿಯಮ ಅಂದ್ರೆ ನಿಯಮ. ಗೃಹವಾಸ ಅಂತ ಬರೀಲಾ, ಸರ್?"

"ಸ್ವಲ್ಪ ತಡೀರಿ ತಾಯಿ." ಅಧ್ಯಕ್ಷರು ಕೋಲು ಊರಿಕೊಂಡು, ಬಟಾಣಿ ತಪ್ಪಿಸಿಕೊಂಡು ಮೆಲ್ಲಗೆ ಒಲೆಯ ಬಳಿ ಬಂದರು. ಟೈಂಪೀಸಿನ ಬಾಗಿಲನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. "ಮಳೆಗಾಲದಲ್ಲೂ ಗಂಟು ಕಟ್ಟಲ್ವಾ?"

"ಇಲ್ಲ ಸರ್. ಅಡಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿದ್ದೀನಿ."

"ಅದು ನಾನೂ ಹಾಕ್ತೀನಿ," ಎಂದರು ಅಧ್ಯಕ್ಷರು.



"ಕಾಲೇಜಿನ ಹಜಾರದಲ್ಲಿ ನಮ್ಮವಳ ದೊಡ್ಡ ಫೋಟೋ ಇದೆಯಲ್ಲ, ಸೌಟು ಹಿಡಕೊಂಡಿರೋದು," ಎಂದರು ಅವರು. "ಆ ಸೌಟನ್ನ ಆವತ್ತು ಅವಳ ಕೈಗೆ ಕೊಟ್ಟವನು ನಾನು. ತಿರುಗಾಮುರುಗಾ ಹಿಡಕೊಂಡಿದ್ಲು, ಸರಿ ಮಾಡಿದೆ. ಮೂವತ್ತೈದು ವರ್ಷ ಅವಳು ಮನೆಮನೆ ಸುತ್ತಿ ಕಾಲೇಜು ಕಟ್ಟಿದ್ಲು. ಅಷ್ಟು ವರ್ಷ ಅವಳು ಉಂಡಿದ್ದೇನು, ಭಾಷಣನಾ?"

ಅರ್ಧ ಮಾರ್ಕಿನಮ್ಮನ ಕಾಲು ತಾನಾಗಿ ನೆಲಕ್ಕಿಳಿಯಿತು. ಎತ್ತಿ ಹಿಡಿದಿದ್ದ ಪೆನ್ನನ್ನು ಅವರು ಅರ್ಧಕ್ಕೆ ಇಳಿಸಿದರು.

"ಮನೆ ನಡೀತಾ ಇದೆಯಾ ಅಂತ ನೋಡೋಕೆ ನಾವು ಬಂದದ್ದು," ಎಂದರು ಅಧ್ಯಕ್ಷರು. "ನಡೀತಾ ಇದೆ. ಪಾಸು ಅಂತ ಬರೀರಿ. ಇವತ್ತಿನಿಂದಲೇ ಕುರ್ಚಿ ಇವರದ್ದು. ಮೇಡಂ, ಮೊದಲ ಆಜ್ಞೆ ಏನು ಮಾಡ್ತೀರಿ?"

"ಒಂಬತ್ತನೇ ನಿಯಮ ತೆಗೀತೀನಿ," ಎಂದರು ಮೇಡಂ ಒಂದು ಕ್ಷಣವೂ ಯೋಚಿಸದೆ. "ಹೋದ ವರ್ಷದ ಹುಡುಗಿಗೆ ಪದವಿ ಕೊಡ್ತೀನಿ. ಮನೆಗೆ ಹೋಗಿ ಕೊಟ್ಟು, ತಪ್ಪಾಯ್ತು ಅಂತೀನಿ. ಮೊಳೆ ಬೇಕಾದ್ರೆ ಅವಳೇ ಹೊಡ್ಕೊಳ್ಲಿ."

ಮುಳ್ಳಣ್ಣನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹೆಂಡತಿಗೆ ಕುರ್ಚಿ ಸಿಕ್ಕಿತು, ತನ್ನ ಅಡುಗೆಮನೆ ತನಗೇ ಉಳಿಯಿತು, ಗುಟ್ಟು ಹೊರಬಿದ್ದೂ ಮಾನ ಹೋಗಲಿಲ್ಲ. ಎಲ್ಲರಿಗೂ ಬಡಿಸಿದ. ಕದ್ದುಮುಚ್ಚಿ ಮಾಡಿದ ಅಡುಗೆಗೆ ಇಪ್ಪತ್ತೆರಡು ವರ್ಷದಲ್ಲಿ ಹೊರಗಿನವರ ಹೊಗಳಿಕೆ ಒಂದೂ ಬಂದಿರಲಿಲ್ಲ. ಇವತ್ತು, ಅಡುಗೆ ಬಲ್ಲ ದೊಡ್ಡ ಮನುಷ್ಯರೇ ಎದುರಿಗಿದ್ದಾರೆ. ಅಧ್ಯಕ್ಷರು ಬಟ್ಟಲು ಖಾಲಿ ಮಾಡುವವರೆಗೆ ಕಾದು, ಕೈ ಹಿಸುಕಿಕೊಳ್ಳುತ್ತ ಕೇಳಿದ:

"ಸೂಪು ಹೇಗಿತ್ತು, ಸರ್?"

ಅಧ್ಯಕ್ಷರು ಬಾಯಿ ಒರೆಸಿಕೊಂಡು ಒಂದು ಹೊಸ ಹಾಳೆ ಕೇಳಿ ಪಡೆದರು.

"ಆಲೂಗಡ್ಡೆ, ಕ್ಯಾರೆಟ್ಟು ಒಟ್ಟಿಗೇ ಹಾಕಿದ್ದೀರಿ. ಒಂದು ಕರಗಿದೆ, ಒಂದು ಕಡಿಯೋ ಹಾಗಿದೆ. ಈರುಳ್ಳಿ ಅವಸರದಲ್ಲಿ ಹುರಿದದ್ದು. ಉಪ್ಪು ಕೊನೆಗೆ ಹಾಕಿದ್ದೀರಿ, ಅದು ಒಳಗೆ ಹೋಗದೆ ಮೇಲೇ ಕೂತಿದೆ." ಒಂದೊಂದಕ್ಕೂ ಬರೆಯುತ್ತ ಹೋದರು. "ನೂರಕ್ಕೆ ಮೂವತ್ತೊಂದು. ಪಾಸಾಗೋಕೆ ಮೂವತ್ತೈದು ಬೇಕು."

ಮುಳ್ಳಣ್ಣ ಬಗ್ಗಿ ಅಂಕಗಳನ್ನು ಮತ್ತೊಮ್ಮೆ ಕೂಡಿಸಿ ನೋಡಿದ. ನಾಲ್ಕು ಮುದ್ರಣ ಕಂಡ ಪುಸ್ತಕದ ಮೂಲಪುರುಷ ಆತ.

"ಅರ್ಧ ಮಾರ್ಕು ನಾನು ಬೇಕಾದ್ರೆ ಹೆಚ್ಚು ಕೊಡ್ತೀನಿ," ಎಂದರು ಅರ್ಧ ಮಾರ್ಕಿನಮ್ಮ, ಜೀವಮಾನದಲ್ಲಿ ಮೊದಲ ಬಾರಿಗೆ. ಅದರಿಂದಲೂ ಪಾಸಾಗುವ ಹಾಗಿರಲಿಲ್ಲ.

"ಪ್ರತಿ ಶನಿವಾರ ನಮ್ಮನೆಗೆ ಬನ್ನಿ, ಈರುಳ್ಳಿಯಿಂದ ಶುರು ಮಾಡೋಣ," ಎಂದು ಅಧ್ಯಕ್ಷರು ಹಾಳೆಯನ್ನು ಮಡಿಸಹೋದರು. ಏನೋ ನೆನಪಾಗಿ ನಿಲ್ಲಿಸಿದರು. "ಫೇಲಾದವರ ಹಾಳೆಗೆ ಪ್ರಿನ್ಸಿಪಾಲರ ಸಹಿ ಬೇಕಲ್ಲ."

ಮುಳ್ಳಣ್ಣ ಆಸೆಯಿಂದ ಹೆಂಡತಿಯ ಮುಖ ನೋಡಿದ. ಮೇಡಂ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ಓದಿದರು. ಆಮೇಲೆ ಅರ್ಧ ಮಾರ್ಕಿನಮ್ಮನ ಪೆನ್ನು ಇಸಿದುಕೊಂಡು, ಪ್ರಿನ್ಸಿಪಾಲರಾಗಿ ತಮ್ಮ ಮೊಟ್ಟಮೊದಲ ಸಹಿಯನ್ನು ದುಂಡಗೆ ಹಾಕಿದರು.